ಗಜಶಾಲೆಯಿಂದ ಹಾಲಿವುಡ್ಡಿಗೆ

ಹಾಲಿವುಡ್ಡಿನ ನಟನಟಿಯರ ಚರಿತ್ರೆಯೆಂದರೆ ಅದು ಸಪ್ತಸಮುದ್ರಗಳ ಆಚೆಯ ಮಾತು, ನಮ್ಮ ಮನೆಮಕ್ಕಳಿಗೂ ಅದಕ್ಕೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವುಂಟು. ಗ್ರೇಟಾ ಗಾರ್ಬೋ, ಕ್ಲಾರ್ಕ್ ಗೇಬಲ್ ಮೊದಲಾದವರು ಬೆಳ್ಳಿತೆರೆಯ ಮೇಲೆ ಮೆರೆಯುತ್ತಿದ್ದ ಕಾಲದಲ್ಲಿಯೇ ಕನ್ನಡ ನಾಡಿನ ಒಬ್ಬ ಮಾವುತನ ಮಗನೂ ಜಗತ್ತಿನ ಕಣ್ಮಣಿಯಾಗಿದ್ದನು. ಅವನ ಹೆಸರು ಸಾಬು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ನಮ್ಮ ಎರೆಯ ಸೀಮೆಯಲ್ಲಿ ಕಾಡಾನೆಗಳಿಲ್ಲ. ಎಲ್ಲಿಂದಲೋ ಒಂದು ಆನೆ ಊರಿಗೆ ಬಂದಿತೆಂದರೆ ಮಕ್ಕಳೆಲ್ಲರೂ ಅಗಸಿಯ ವರೆಗೆ ಅದರ ಹಿಂದೆ ಓಡುವರು. ಆನೆಯ ಹೆಗಲ ಮೇಲೆಯೇ ಬಾಲ್ಯವನ್ನು ಕಳೆದವನ ಬಾಳು ಮುಂದೆ ಎಂತಹದಾಯಿತೆಂಬದನ್ನು ಆ ಮಕ್ಕಳ ತಂದೆತಾಯಿಗಳು ತಿಳಿಯತಕ್ಕದ್ದು.

ಹಳೆಯ ಮೈಸೂರು ಸಂಸ್ಥಾನದ ತೆಂಕಣ ಅಂಚಿನಲ್ಲಿ, ಹೆಗ್ಗಡದೇವನಕೋಟೆಯ ಸೀಮೆಯೊಳಗೆ, ಕಪಿಲಾ ನದಿಯ ಬಳಿಯಲ್ಲಿ ಕಾರಾಪುರವೆಂಬ ಗ್ರಾಮವಿದೆ. ಆ ನಾಡನ್ನಾಳಿದ ಗಂಗರ ಲಾಂಛನವೇ ಆನೆ. ಅವರಲ್ಲಿ ಇಮ್ಮಡಿ ಶಿವಮಾರನು ಗಜಶಾಸ್ತ್ರವನ್ನು ಕುರಿತು ಗ್ರಂಥರಚನೆ ಮಾಡಿದವನೆಂದು ಪ್ರಸಿದ್ಧನು. ಸಮೀಪದ ಕಾಕನಕೋಟೆಯಲ್ಲಿ ಮೈಸೂರರಸರ ಖೆಡ್ಡಾಗಳು ನಡೆಯುತ್ತಿದ್ದವು. ಕಾಡಾನೆಗಳ ಹಿಂಡನ್ನು ಸದ್ದುಗದ್ದಲಗಳಿಂದ ಬೆದರಿಸಿ, ಮರದ ದಿಮ್ಮಿಗಳ ಭದ್ರವಾದ ದೊಡ್ಡಿಯೊಳಗೆ ಅಟ್ಟಿ, ಪಳಗಿದ ಆನೆಗಳ ನೆರವಿನಿಂದ ಅವುಗಳ ಕಾಲಿಗೆ ಹಗ್ಗ ಬಿಗಿಯುವದೇ ಖೆಡ್ಡಾ. 1971ರಲ್ಲಿ ಕೊನೆಯದು ನಡೆಯಿತು. ಆ ಸೀಮೆಯಲ್ಲಿ 1924ನೆಯ ಇಸವಿಯ ಜನವರಿ 27ರಂದು ಸಾಬು ಜನಿಸಿದನು. ಎಳವೆಯಲ್ಲಿಯೇ ಅನಾಥನಾದ ಹುಡುಗನಿಗೆ ಮಹಾರಾಜರ ಗಜಶಾಲೆಯೇ ಮನೆಯಾಯಿತು.

1935ರಲ್ಲಿ ಅಮೇರಿಕೆಯ ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರಕಾರನು ಮೈಸೂರಿಗೆ ಬಂದನು. ಹಿಮಪ್ರದೇಶದ ಜನರ ಜೀವನವನ್ನು 1922ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರದಲ್ಲಿ ತೋರಿಸಿ ಕೀರ್ತಿ ಪಡೆದವನೀತನು. ಕಿಪ್ಲಿಂಗನ ಕಥೆಯೊಂದನ್ನು ತೆರೆಗೆ ತರಲು ಆತನಿಗೆ ಆನೆಯೊಡನೆ ಸಹಜವಾಗಿ ಬಾಳಬಲ್ಲ ಬಾಲಕನು ಬೇಕಾಗಿದ್ದನು. ಸಾಬು ದೊರೆತನು. ಐರಾವತವೆಂಬ ಭಾರಿ ಆನೆಯು ಕಥೆಯ ಗಜರಾಜನಾಯಿತು. ಹೀಗೆ ಸಿದ್ಧವಾದ ‘ಎಲಿಫೆಂಟ್ ಬಾಯ್’ 1937ರಲ್ಲಿ ಹೊರಬಂದು, ಅದೇ ವರ್ಷ ವೆನಿಸ್ಸಿನ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶನದ ಪಾರಿತೋಷಕವನ್ನು ಗಳಿಸಿತು.

ಈ ಯಶಸ್ಸಿನ ಗುಟ್ಟೇನು? ಮಾವುತನು ಆನೆಯ ಕಿವಿಯ ಹಿಂದೆ ಕಾಲ್ಬೆರಳುಗಳನ್ನೊತ್ತಿ ಅದಕ್ಕೆ ದಾರಿ ತೋರಿಸುತ್ತಾನೆ. ಆ ಸ್ಪರ್ಶದ ಭಾಷೆಯನ್ನು ಯಾವ ನಾಟ್ಯಶಾಲೆಯೂ ಕಲಿಸಲಾರದು. ಉಳಿದ ನಟರು ವೇಷ ಹಾಕಿಕೊಂಡು ಪಾತ್ರವಾಗುವರು. ಈ ಹುಡುಗನಾದರೋ ತನ್ನ ನಿತ್ಯದ ಕೆಲಸವನ್ನು ಮಾಡಿದನು, ಜಗತ್ತು ಅದನ್ನು ಅಭಿನಯವೆಂದು ಕೊಂಡಾಡಿತು. ಕಾಯಕದ ಬೆಲೆ ಏನೆಂಬದನ್ನು ಬಾಗೇವಾಡಿಯ ಸೀಮೆಯವರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಬಳಿಕ ಲಂಡನ್ನಿನ ಚಿತ್ರೋದ್ಯಮಿ ಅಲೆಕ್ಸಾಂಡರ್ ಕೋರ್ಡಾನ ಆಶ್ರಯದಲ್ಲಿ ಸಾಬು ಇಂಗ್ಲಂಡಿಗೆ ಹೋದನು. ಅಲ್ಲಿ ಶಾಲೆಗೂ ಸೇರಿದನು. 1938ರಲ್ಲಿ ‘ದಿ ಡ್ರಮ್’ ಬಂದಿತು. ‘ಥೀಫ್ ಆಫ್ ಬಾಗ್ದಾದ್’ ಚಿತ್ರವು ಯುದ್ಧದ ನಿಮಿತ್ತ ಇಂಗ್ಲಂಡಿನಲ್ಲಿ ನಿಂತು ಹಾಲಿವುಡ್ಡಿನಲ್ಲಿ ಪೂರ್ಣಗೊಂಡಿತು. 1940ರಲ್ಲಿ ತೆರೆಕಂಡು ಮೂರು ಆಸ್ಕರ್ ಪಾರಿತೋಷಕಗಳನ್ನು ಪಡೆಯಿತು. 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ತೋಳಗಳ ನಡುವೆ ಬೆಳೆದ ಮೌಗ್ಲಿಯು ನಮ್ಮ ಸಾಬುವೇ. ಆ ಮೇಲೆ ಯೂನಿವರ್ಸಲ್ ಸಂಸ್ಥೆಯವರು ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’ ಮುಂತಾದ ಬಣ್ಣದ ಚಿತ್ರಗಳಲ್ಲಿ ಅವನನ್ನು ನಾಯಕನ ಬೆನ್ನ ಹಿಂದಿನ ಚೂಟಿ ಹುಡುಗನನ್ನಾಗಿ ನಿಲ್ಲಿಸಿದರು. ಹುಡುಗನು ಯುವಕನಾಗಿದ್ದನು, ಅವನಿಗಾಗಿ ಕಥೆ ಬರೆಯುವವರು ಮಾತ್ರ ಅದನ್ನು ಗಮನಿಸಲಿಲ್ಲ.

ಬಾಲತಾರೆಗಳ ಪಾಡು ಅಂದು ಬಹುತೇಕ ಹೀಗೆಯೇ ಇದ್ದಿತು. 1921ರಲ್ಲಿ ಚಾರ್ಲಿ ಚಾಪ್ಲಿನ್ನನ ‘ದಿ ಕಿಡ್’ ಚಿತ್ರದಿಂದ ಲೋಕಪ್ರಿಯನಾದ ಜಾಕಿ ಕೂಗನ್ ಎಂಬ ಬಾಲಕನು ಪ್ರಾಪ್ತವಯಸ್ಕನಾದ ಮೇಲೆ ನೋಡಲು, ಗಳಿಸಿದ ಹಣದ ಬಹುಭಾಗವು ಮನೆಯವರ ಕೈಯಲ್ಲಿಯೇ ಕರಗಿಹೋಗಿತ್ತು. 1938ರಲ್ಲಿ ಅವನು ನ್ಯಾಯಾಲಯವನ್ನು ಹೊಕ್ಕನು. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ, ಬಾಲನಟರ ಗಳಿಕೆಯಲ್ಲಿ ಒಂದು ಪಾಲನ್ನು ಅವರ ಹೆಸರಿನಲ್ಲಿಯೇ ಕಾದಿಡುವ ಉದ್ದೇಶದ ಕಾಯಿದೆಯು ಹುಟ್ಟಿತು.

ಸಾಬು 1944ರಲ್ಲಿ ಅಮೇರಿಕೆಯ ನಾಗರಿಕನಾಗಿ ಅಲ್ಲಿನ ವಾಯುಸೇನೆಯನ್ನು ಸೇರಿದನು. ಇಲ್ಲಿಂದ ಮುಂದೆ ಏಕವಚನವನ್ನು ಬಳಸುವದು ನಮಗೆ ಉಚಿತವೆನಿಸದು. ಪೆಸಿಫಿಕ್ ಸಾಗರದ ಮೇಲಿನ ಯುದ್ಧದಲ್ಲಿ ಅವರು ಬಾಂಬು ವಿಮಾನದ ತೋಪುಗಾರರಾಗಿ ಅನೇಕ ಬಾರಿ ಮೃತ್ಯುಮುಖಕ್ಕೆ ಹಾರಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕವನ್ನು ಪಡೆದರು. ಮರಳಿದ ಬಳಿಕ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ಯುವ ರಾಜಕುಮಾರನ ಪಾತ್ರವು ದೊರೆಯಿತು. 1948ರಲ್ಲಿ ಮರಿಲಿನ್ ಕೂಪರ್ ಎಂಬ ನಟಿಯನ್ನು ವರಿಸಿದರು, ಇಬ್ಬರು ಮಕ್ಕಳಾದರು. ಆದರೆ ದೊಡ್ಡ ಪಾತ್ರಗಳು ಕ್ರಮೇಣ ಕಡಿಮೆಯಾದವು. ಒಂದು ಕಾಲಕ್ಕೆ ಅವರು ಸರ್ಕಸ್ಸಿನಲ್ಲಿ ಮತ್ತೆ ಆನೆಗಳ ಬಳಿಗೇ ಹೋದರು.

ತಾಯ್ನಾಡಿನಿಂದ ಒಂದು ಕರೆ ಬಂದಿದ್ದುಂಟು. ಮೆಹಬೂಬ್ ಖಾನರು ‘ಮದರ್ ಇಂಡಿಯಾ’ ಚಿತ್ರದ ಬಿರ್ಜುವಿನ ಪಾತ್ರಕ್ಕೆ ಮೊದಲು ಇವರನ್ನೇ ಬಯಸಿದ್ದರು. ಪರದೇಶದ ಪ್ರಜೆಯಾಗಿದ್ದ ಸಾಬುವಿಗೆ ಇಲ್ಲಿ ದುಡಿಯುವ ಪರವಾನಗಿ ಸಿಕ್ಕಲಿಲ್ಲ. 1957ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಸುನೀಲ್ ದತ್ತರು ಬಿರ್ಜುವಾದರು. ರೋಷವೂ ದುಃಖವೂ ತುಂಬಿದ ಒಬ್ಬ ಪೂರ್ಣಪುರುಷನ ಪಾತ್ರ, ಅದೂ ಸ್ವದೇಶದ ಚಿತ್ರದಲ್ಲಿ! ಅದು ಕೈಗೆ ಬಂದು ತಪ್ಪಿತು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬು ತೀರಿಕೊಂಡರು, ವಯಸ್ಸು 39. ಮರುವರ್ಷ ಹೊರಬಂದ ಅವರ ಕೊನೆಯ ಚಿತ್ರವೂ ಹುಲಿಯೊಂದರ ಕಥೆಯೇ ಆಗಿದ್ದಿತು.

ಇಂದು ನಮ್ಮ ತಾಲೂಕುಗಳಲ್ಲಿಯೂ ಕೂಸುಗಳ ಹಾಡು ಕುಣಿತಗಳನ್ನು ಕೈಯೊಳಗಿನ ಯಂತ್ರದಲ್ಲಿ ಸೆರೆಹಿಡಿದು ಲೋಕಕ್ಕೆ ತೋರಿಸುವ ಹಂಬಲವು ಬೆಳೆದಿದೆ. ಆ ಹಂಬಲವನ್ನು ನಾವು ಹಳಿಯುವದಿಲ್ಲ. ಗುಣವಿದ್ದಲ್ಲಿ ಅದು ಬೆಳಕಿಗೆ ಬರಲಿ. ಆದರೆ ಜನರು ಮೆಚ್ಚುವದು ಬಾಲ್ಯವನ್ನು, ಅದು ಹತ್ತು ವರ್ಷದ ಸಂಪತ್ತು. ದೊಡ್ಡ ಪಾತ್ರಗಳು ಕಡಿಮೆಯಾದಾಗ ಸಾಬುವಿಗೆ ಒಂದು ಕಾಲಕ್ಕೆ ನೆರವಾದದ್ದು ಗಜಶಾಲೆಯಲ್ಲಿ ಕಲಿತ ವಿದ್ಯೆಯೇ. ಆದುದರಿಂದ ಮಗುವಿನ ಗಳಿಕೆಯು ಮಗುವಿನ ಹೆಸರಿನಲ್ಲಿಯೇ ಇರಲಿ, ಪಾಠ ತಪ್ಪದಿರಲಿ, ಮೀಸೆ ಮೂಡಿದ ಮೇಲೆಯೂ ಕೈಹಿಡಿಯುವ ಒಂದು ಕಸಬು ಕೂಡಿರಲಿ. ಮನೆಯ ಮಕ್ಕಳು ಮೌಗ್ಲಿಯ ಕಥೆಯನ್ನು ನೋಡುವಾಗ, ಒಮ್ಮೆ ಆ ಪಾತ್ರವನ್ನು ಮೆರೆಸಿದವನು ಕಪಿಲೆಯ ದಡದ ಮಾವುತನ ಮಗನೆಂಬದನ್ನು ಅವರಿಗೆ ಹೇಳಿರಿ; ಅವನು ಬೆಳೆದು ದೊಡ್ಡವನಾದ ಕಥೆಯನ್ನೂ ಬಿಡದೆ ಹೇಳಿರಿ.