ಗೋಡೆ ತೆಗೆಯುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಮಾರ್ಪಡಿಸುವುದೂ ಸುಲಭವಲ್ಲ.

ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿ ನಾನು ಬಾಡಿಗೆಗಿದ್ದ ಹಳೆಯ ಮನೆಯ ಒಡೆಯರು, ಮಗಳ ಮದುವೆಗೆಂದು ಎರಡು ಕೋಣೆಗಳನ್ನು ಒಂದು ಮಾಡಲು ನಿಶ್ಚಯಿಸಿದರು. ಮೇಸ್ತ್ರಿಯು ನಡುಗೋಡೆಯ ಮೇಲಿನ ನಾಲ್ಕು ಇಟ್ಟಿಗೆಗಳನ್ನು ತೆಗೆಯುವಷ್ಟರಲ್ಲಿ ಮೇಲಿನಿಂದ ಗಾರೆ ಉದುರಿತು; ಕೆಲಸವನ್ನು ನಿಲ್ಲಿಸಿದರು. ಮರುದಿನ ಬಂದ ಎಂಜಿನಿಯರರು ತೊಲೆಗಳ ತುದಿಗಳನ್ನು ತೋರಿಸಿ, “ತಾರಸಿ ನಿಂತಿರುವುದೇ ಈ ಗೋಡೆಯ ಮೇಲೆ” ಎಂದರು. ಗಾರೆ ಉದುರಿದಾಗ ಪಕ್ಕದ ಕೋಣೆಯಲ್ಲಿ ನನ್ನ ಮಗು ಮಲಗಿತ್ತು.

ಇಲ್ಲಿನ ಹಳೆಯ ಮನೆಗಳಲ್ಲಿ ‘ಮದರಾಸು ತಾರಸಿ’ ಸಾಮಾನ್ಯ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚು ನಿಲ್ಲಿಸಿ ಸುಣ್ಣದ ಗಾರೆಯಿಂದ ಜೋಡಿಸಿ, ಮೇಲೆ ಇಟ್ಟಿಗೆಚೂರು ಬೆರೆತ ಗಾರೆಯನ್ನು ಹಾಸುವರು. ಈ ಭಾರವೆಲ್ಲವೂ ತೊಲೆಗಳ ಮೂಲಕ ಗೋಡೆಗೂ, ಗೋಡೆಯಿಂದ ಅಡಿಪಾಯಕ್ಕೂ ಇಳಿಯುವುದು. ನಡುವೆ ಒಂದು ಗೋಡೆಯನ್ನು ತೆಗೆದರೆ ಭಾರಕ್ಕೆ ದಾರಿಯಿಲ್ಲ. 1,000 ಲೀಟರಿನ ತೊಟ್ಟಿಯ ನೀರೊಂದೇ ಒಂದು ಟನ್ ತೂಗುವುದರಿಂದ, ಅದನ್ನು ತಾರಸಿಯ ಮೇಲಿಡುವುದಕ್ಕೂ ವಿಚಾರ ಬೇಕು.

ಆದುದರಿಂದ ಮೊದಲು ಅರ್ಹ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ ನಕ್ಷೆ ಬರೆಯಿಸಬೇಕು; ತರುವಾಯ ಅನುಮತಿ ಪಡೆಯಬೇಕು; ಕೆಲಸ ನಡೆವಾಗ ಆಸರೆ ಕಂಬಗಳನ್ನು ನಿಲ್ಲಿಸಬೇಕು. ತಮಿಳುನಾಡಿನಲ್ಲಿ 2019ರ ಕಟ್ಟಡ ನಿಯಮಗಳಿವೆ. ಸುಣ್ಣ ಬಳಿಯುವಂಥ ಸಣ್ಣ ಕೆಲಸಗಳಿಗೆ ಅನುಮತಿ ಬೇಡ. ಮಹಡಿ ಏರಿಸುವುದಕ್ಕೆ ಬೇಕೇ ಬೇಕು. ಸಾಮಾನ್ಯ ಮನೆಗಳಿಗೆ ನಗರದ ಕಾರ್ಪೊರೇಷನ್ನೂ, ದೊಡ್ಡ ಕಟ್ಟಡಗಳಿಗೆ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರವೂ ಅದನ್ನು ಕೊಡುವುವು.

ಅನುಮತಿಪತ್ರವೊಂದೇ ಸಾಕೆಂದೂ ತಿಳಿಯಬಾರದು. 2014ರ ಜೂನ್ 28ರಂದು ನಗರದಂಚಿನ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ ಹನ್ನೊಂದು ಅಂತಸ್ತಿನ ಹೊಸ ಕಟ್ಟಡ ಕುಸಿದು 61 ಮಂದಿ ಮಡಿದರು. ಅದಕ್ಕೂ ಅನುಮತಿಯಿತ್ತು. ಜೊತೆಯ ಕಟ್ಟಡವನ್ನು 2016ರ ನವೆಂಬರಿನಲ್ಲಿ ಸಿಡಿಮದ್ದಿನಿಂದ ಕೆಡವಬೇಕಾಯಿತು. ಕಾಗದವು ಭಾರವನ್ನು ಹೊರದು. ನಕ್ಷೆಯಂತೆ ಕೆಲಸ ನಡೆಯುವುದೇ ಎಂದು ಬಲ್ಲವರು ಕೊನೆಯವರೆಗೂ ನೋಡುತ್ತಿರಬೇಕು.

ನಮ್ಮ ಒಡೆಯರು ಗೋಡೆಯನ್ನು ಉಳಿಸಿಕೊಂಡರು. ಊಟದ ಪಂಕ್ತಿಯನ್ನು ಅಂಗಳದಲ್ಲಿ ಹಾಕಿಸಿದರು. ಮದುವೆಗೆ ಯಾವ ಕೊರತೆಯೂ ಆಗಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಇಂಥ ಮಾತು ಬಂದಾಗ, “ಈ ಗೋಡೆ ಏನನ್ನು ಹೊತ್ತಿದೆ?” ಎಂದು ಹಿರಿಯರನ್ನು ವಿನಯದಿಂದ ಕೇಳಿರಿ. ಉತ್ತರ ತಿಳಿಯುವವರೆಗೆ ಹಾರೆ ಮೂಲೆಯಲ್ಲಿಯೇ ಇರಲಿ.