ದವಡೆ ಕಟ್ಟಿದವರ ಪಥ್ಯ

ಜ್ವರ ಬಿಟ್ಟವನಿಗೆ ಏನು ಕೊಡಬೇಕು, ಬಾಣಂತಿಗೆ ಏನು ಕೊಡಬಾರದು ಎಂಬುದನ್ನು ನಮ್ಮ ಮನೆಗಳ ಹಿರಿಯರು ಯಾರನ್ನೂ ಕೇಳದೆ ಹೇಳಬಲ್ಲರು. ಆದರೆ ದವಡೆಗೆ ಶಸ್ತ್ರಚಿಕಿತ್ಸೆಯಾಗಿ, ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ಸೇರಿಸಿ ತಂತಿ ಬಿಗಿದು, ಬಾಯಿ ತೆರೆಯಲಾರದೆ ಮನೆಗೆ ಬಂದವನ ಪಥ್ಯವು ಬಹು ಮಂದಿಗೆ ತಿಳಿಯದು. ನಮ್ಮ ಅಕ್ಕನ ಮಗನು ಮೋಟಾರು ಬೈಕಿನಿಂದ ಬಿದ್ದು ಕೆಳದವಡೆಯನ್ನು ಮುರಿದುಕೊಂಡಾಗ ನಮಗೂ ತಿಳಿದಿರಲಿಲ್ಲ.

ತಂತಿಯು ಐದು ವಾರ ಇರತಕ್ಕದ್ದೆಂದು ವೈದ್ಯರು ಹೇಳಿದ್ದರು. ಅಕ್ಕನವರು ಹೊತ್ತುಹೊತ್ತಿಗೆ ಗಂಜಿಯ ತಿಳಿ, ಎಳನೀರು, ಮೂಸಂಬಿಯ ರಸ, ತಿಳಿಸಾರು ಇವುಗಳನ್ನು ಬೇಸರವಿಲ್ಲದೆ ಕೊಟ್ಟರು. ಹುಡುಗನೂ ಕುಡಿದನು. ಹತ್ತು ದಿನಗಳಲ್ಲಿ 58 ಕಿಲೋ ಇದ್ದವನು 54ಕ್ಕೆ ಇಳಿದನು. ಎದ್ದು ನಿಂತರೆ ತಲೆ ತಿರುಗುವುದೆಂದನು. ವೈದ್ಯರು ಪಟ್ಟಿಯನ್ನು ಕೇಳಿ, ಇದೆಲ್ಲವೂ ನೀರೇ ಹೊರತು ಊಟವಲ್ಲವೆಂದೂ, ಮುರಿದ ಮೂಳೆ ಕೂಡುವ ಕಾಲದಲ್ಲಿ ದೇಹಕ್ಕೆ ಎಂದಿಗಿಂತ ಹೆಚ್ಚಿನ ಸಾರ ಬೇಕೆಂದೂ ಕಟುವಾಗಿಯೇ ಹೇಳಿದರು.

ತೆಳುವಾದದ್ದೆಲ್ಲವೂ ನಿಸ್ಸಾರವಾಗಿರಬೇಕಾಗಿಲ್ಲ. ಒಂದು ಲೋಟ, ಎಂದರೆ 200 ಮಿಲಿಲೀಟರು, ಎಳನೀರಿನಲ್ಲಿ ಸುಮಾರು 40 ಕ್ಯಾಲೊರಿಯಷ್ಟು ಶಕ್ತಿ. ಪ್ರೋಟೀನು ಇಲ್ಲವೆನ್ನುವಷ್ಟು ಕಡಮೆ. ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 130 ಕ್ಯಾಲೊರಿ, 6 ಗ್ರಾಂ ಪ್ರೋಟೀನು. ಆ ಹಾಲಿಗೆ 25 ಗ್ರಾಂ ಹಾಲಿನ ಪುಡಿಯನ್ನು ಕದಡಿದರೆ ಒಂದು ಲೋಟದಲ್ಲಿಯೇ ಎರಡು ಲೋಟದ ಸಾರ ಸೇರಿತು. ನಾವು ಮೊದಲು ಮಾಡಿದ ತಿದ್ದುಪಡಿ ಇದೇ.

ಎರಡನೆಯದು ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಕ್ಕಿಯಲ್ಲಿ ಹತ್ತರಷ್ಟಿದ್ದರೆ ಹೆಚ್ಚು. ಆದರೆ ಬರಿಯ ರಾಗಿಹಿಟ್ಟಿನ ಅಂಬಲಿಯನ್ನು ಗಟ್ಟಿಯಾಗಿ ಕಾಯಿಸಿದರೆ ಹಲ್ಲಿನ ಸಂದಿಯಲ್ಲಿ ಇಳಿಯದು, ನೀರು ಬೆರೆಸಿದರೆ ಸಾರ ಹೋಯಿತು. ಇಲ್ಲಿ ಮೊಳಕೆಯ ಗುಣ ಕೈಹಿಡಿಯುತ್ತದೆ. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಮಾತ್ರ ಹುರಿದು ಬೀಸಿ ಜರಡಿ ಹಿಡಿದರೆ, ಆ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಶಕ್ತಿ ಉಳಿದಿರುತ್ತದೆ. ಗಟ್ಟಿಯಾದ ಅಂಬಲಿಯನ್ನು ಒಲೆಯಿಂದಿಳಿಸಿ, ಕುದಿ ಅಡಗಿ ಬಿಸಿಯಾಗಿರುವಾಗಲೇ ಈ ಹಿಟ್ಟಿನ ಒಂದು ಚಮಚವನ್ನು ಕಲಕಿದರೆ ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ತೆಳುವಾಗುತ್ತದೆ. ಆಮೇಲೆ ಇನ್ನೊಮ್ಮೆ ಕುದಿಸಿ ಆರಿಸಿದರಾಯಿತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು 1982ರಲ್ಲಿ ಮೊಳಕೆಯ ರಾಗಿ ಮತ್ತು ಹೆಸರುಕಾಳುಗಳಿಂದ ಕೂಸುಗಳ ಆಹಾರವನ್ನು ರೂಪಿಸಿದ್ದು ಇದೇ ಗುಣವನ್ನು ನೆಚ್ಚಿ. ಕೂಸಿಗೆ ಒಪ್ಪಿದ್ದು ಇಪ್ಪತ್ತೆರಡರ ಯುವಕನಿಗೂ ಒಪ್ಪಿತು. ಹಾಲು, ಬೆಲ್ಲ, ಒಂದು ಚಮಚ ತುಪ್ಪ ಸೇರಿದ ಮೇಲೆ ಅವನು ಗೊಣಗುವುದನ್ನೂ ಬಿಟ್ಟನು.

ಸಿಹಿಯೇ ಸಿಹಿಯಾದರೆ ಬಾಯಿಗೆ ಜಡ್ಡು ಹಿಡಿಯುತ್ತದೆ. ಆದ್ದರಿಂದ ಹೆಸರುಬೇಳೆಯ ತೊವ್ವೆ, ಹುರುಳಿಯ ಕಟ್ಟು, ಕುಂಬಳ ಕ್ಯಾರೆಟ್ಟುಗಳನ್ನು ಬೇಯಿಸಿ ಮಿಕ್ಸಿಯಲ್ಲಿ ಅರೆದ ಸಾರು, ಬೆಣ್ಣೆ ತೆಗೆಯದ ಮಜ್ಜಿಗೆ ಇವೂ ನಡುನಡುವೆ ಇರಲಿ. ಮಾಂಸಾಹಾರಿಗಳಿಗೆ ಕೋಳಿಯನ್ನು ಮೆತ್ತಗೆ ಬೇಯಿಸಿ ಮಾಂಸದೊಡನೆಯೇ ಅರೆದು ಸೋಸಿದ ಸಾರು ಉತ್ತಮ. ಹಸಿಯ ಮೊಟ್ಟೆಯನ್ನು ಹಾಲಿಗೆ ಒಡೆಯುವ ಹಳೆಯ ಪದ್ಧತಿ ಬೇಡ. ಅದರಿಂದ ಹೊಟ್ಟೆ ಕೆಡುವ ಭಯವುಂಟು. ಒಗ್ಗರಣೆಯ ಸಾಸಿವೆ, ಜೀರಿಗೆ, ಕರಿಬೇವಿನ ಚೂರು ತಂತಿಗೆ ಸಿಕ್ಕಿಕೊಂಡು ಬಹಳ ಕಾಡುತ್ತವೆ. ಒಗ್ಗರಣೆಯನ್ನು ಮಾಡಿ, ತುಪ್ಪವನ್ನಷ್ಟೇ ಬಸಿದು ಹಾಕಿರಿ. ಘಮವೆಲ್ಲ ತುಪ್ಪದಲ್ಲಿಯೇ ಇರುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿಯೇ ಬೆಲ್ಲ ಹಾಲುಗಳ ಅಳತೆ ಇಡಬೇಕು.

ಕಟ್ಟಿದ ಬಾಯೊಳಗೆ ಇದೆಲ್ಲ ಹೋಗುವುದು ಹೇಗೆಂದು ಕೇಳಬಹುದು. ಕೊನೆಯ ದವಡೆಹಲ್ಲಿನ ಹಿಂದೆ ಸ್ವಲ್ಪ ಎಡೆ ಇರುತ್ತದೆ. ಮೃದುವಾದ ರಬ್ಬರು ನಳಿಕೆ ಸಿಕ್ಕಿಸಿದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಮೆಲ್ಲನೆ ಬಿಟ್ಟರೆ ದ್ರವವು ಅಲ್ಲಿಂದ ಗಂಟಲಿಗೆ ಇಳಿಯುತ್ತದೆ. ಸ್ಟ್ರಾದಿಂದ ಹೀರುವುದಕ್ಕೆ ಗಾಯ ಹಸಿಯಾಗಿರುವಾಗ ಎಷ್ಟೋ ವೈದ್ಯರು ಒಪ್ಪುವುದಿಲ್ಲ; ಕೇಳಿಕೊಂಡು ಮಾಡತಕ್ಕದ್ದು. ಒಂದೇ ಸಲಕ್ಕೆ ಹೊಟ್ಟೆ ತುಂಬಿಸಲಾಗದು; ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಒಂದು ಲೋಟದಂತೆ ಕೊಡಬೇಕು. ಕೆಳತುಟಿ ಮರಗಟ್ಟಿರುವುದುಂಟು, ಸುಟ್ಟರೂ ರೋಗಿಗೆ ತಿಳಿಯದಾದ್ದರಿಂದ ಕೊಡುವವರು ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿ ಬಿಸಿಯನ್ನು ನೋಡಬೇಕು. ಪ್ರತಿಸಲವೂ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದನ್ನು ತಪ್ಪಿಸಬಾರದು.

ಇನ್ನೊಂದು ಮಾತನ್ನು ಮನೆಯವರೆಲ್ಲರೂ ತಿಳಿದಿರಬೇಕು. ವಾಂತಿ ಬಂದರೆ ರೋಗಿಯನ್ನು ಎಬ್ಬಿಸಿ ಕೂರಿಸಿ ಮುಂದಕ್ಕೆ ಬಾಗಿಸಿರಿ. ಹೊಟ್ಟೆಯಲ್ಲಿರುವುದು ದ್ರವವೇ ಆದ್ದರಿಂದ ಹಲ್ಲಿನ ಸಂದಿಯಿಂದ ಹೊರಬರುತ್ತದೆ. ಉಸಿರೇ ಕಟ್ಟುವಂತಾದರೆ ತಂತಿಯನ್ನು ಕತ್ತರಿಸಲೇಬೇಕು. ಎಲ್ಲಿ ಕತ್ತರಿಸಬೇಕೆಂಬುದನ್ನು ಆಸ್ಪತ್ರೆ ಬಿಡುವ ಮುನ್ನವೇ ವೈದ್ಯರಿಂದ ತೋರಿಸಿಕೊಂಡು, ತಂತಿ ಕತ್ತರಿಸುವ ಇಕ್ಕಳವನ್ನು ದಿಂಬಿನ ಬಳಿ ದಾರದಿಂದ ಕಟ್ಟಿಡಿರಿ. ನಮಗೆ ಅದು ಬೇಕಾಗಲಿಲ್ಲ.

ಹುಡುಗನು ಮೊದಮೊದಲು ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದನು. ಜೊಲ್ಲು ಸುರಿಯುವುದನ್ನು ಯಾರೂ ನೋಡಬಾರದೆಂದು ಅವನಿಗೆ. ಅಕ್ಕನವರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ತಮ್ಮ ಅಂಬಲಿಯ ಲೋಟವನ್ನೂ ತಂದುಕೊಂಡು ಅವನ ಪಕ್ಕದಲ್ಲಿ ಕುಳಿತರು. ಅಂದಿನಿಂದ ಅವನು ಊಟದ ಮನೆಗೇ ಬಂದನು.

ಐದು ವಾರಗಳ ಮೇಲೆ ತಂತಿ ಬಿಚ್ಚಿದಾಗ ತೂಕವು 57 ಕಿಲೋ ಇತ್ತು. ಬಾಯಿ ಮಾತ್ರ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಬಿಗಿ ಬಿಡಿಸಲು ವೈದ್ಯರು ವ್ಯಾಯಾಮ ಹೇಳಿಕೊಟ್ಟರು. ಹಾಲಿನಲ್ಲಿ ನೆನೆಸಿದ ಇಡ್ಲಿ, ಬಳಿಕ ಮೊಸರನ್ನ, ಬಳಿಕ ಪೊಂಗಲು ಎಂದು ದಿನದಿನಕ್ಕೆ ಏರಿದೆವು. ಗೌರಿಹಬ್ಬದ ಚಕ್ಕುಲಿಯ ಡಬ್ಬಿಯನ್ನು ಅಕ್ಕನವರು ಅಟ್ಟದ ಮೇಲೆ ಇಟ್ಟರು. ದೀಪಾವಳಿಯವರೆಗೂ ಅದು ಕೆಳಗಿಳಿಯಲಿಲ್ಲ.