ನೀರನ್ನೊಲ್ಲದ ಸಿಲಿಕೋನ್ ಮತ್ತು ವಿದ್ಯುತ್ ಕಿಡಿ

ಡೊಂಬಿವಲಿ ಅಥವಾ ಕಲ್ಯಾಣ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವವರು ತಲೆಯೆತ್ತಿ ನೋಡಿದರೆ, ವಿದ್ಯುತ್ ತಂತಿಯು ಕಂಬಕ್ಕೆ ತಗುಲದಂತೆ ಹಿಡಿದಿರುವ ಬಿಲ್ಲೆಬಿಲ್ಲೆಯಾದ ಸಾಧನಗಳು ಕಾಣಿಸುತ್ತವೆ. ಇವೇ ಇನ್ಸುಲೇಟರುಗಳು. ಮುಂಬಯಿಯಲ್ಲಿ 1925ರಲ್ಲಿ 1500 ವೋಲ್ಟುಗಳಿಂದ ಆರಂಭವಾದ ವಿದ್ಯುತ್ ರೈಲು, ಈ ಮುಖ್ಯ ಮಾರ್ಗದಲ್ಲಿ 2015ರ ವೇಳೆಗೆ 25,000 ವೋಲ್ಟುಗಳಿಗೆ ಏರಿತು. ಇನ್ಸುಲೇಟರಿನ ಹೊಣೆಯೂ ಅಷ್ಟೇ ಹೆಚ್ಚಿತು.

ಜಡಿಮಳೆಗಿಂತ ಮೊದಲ ತುಂತುರೇ ಇದಕ್ಕೆ ದೊಡ್ಡ ಶತ್ರುವೆಂದರೆ ಆಶ್ಚರ್ಯವಾದೀತು. ಜಡಿಮಳೆ ಕೊಳೆಯನ್ನು ತೊಳೆದುಬಿಡುತ್ತದೆ. ತುಂತುರು ಅದನ್ನು ನೆನೆಸುತ್ತದೆ, ಅಷ್ಟೇ. ಥಾಣೆ ಖಾಡಿಯ ಉಪ್ಪುಗಾಳಿ, ಡೊಂಬಿವಲಿ ಹಾಗೂ ನವಿಮುಂಬಯಿಯ ಕಾರ್ಖಾನೆಗಳ ಹೊಗೆ, ಬೇಸಗೆಯ ಧೂಳು ಇವೆಲ್ಲ ಕೂಡಿ ಕುಳಿತ ಪಿಂಗಾಣಿಯ ಮೇಲೆ ನೀರು ತೆಳುಪೊರೆಯಾಗಿ ಹರಡುತ್ತದೆ. ಕರಗಿದ ಉಪ್ಪಿನ ಮೂಲಕ ವಿದ್ಯುತ್ತು ಸೋರುತ್ತದೆ. ಕೊನೆಗೆ ದೊಡ್ಡ ಕಿಡಿ ಹಾರಿ ಮಾರ್ಗವೇ ಸ್ಥಗಿತವಾಗಬಹುದು.

ಸಿಲಿಕೋನ್ ರಬ್ಬರಿನ ವರ್ತನೆ ಬೇರೆ. ಕೆಸುವಿನ ಎಲೆಯ ಮೇಲಿನಂತೆ ಇದರ ಮೇಲೂ ನೀರು ಹನಿಹನಿಯಾಗಿ ನಿಲ್ಲುತ್ತದೆ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಸರಪಳಿಯಾಗಿ ಹೆಣೆದುಕೊಂಡಿದ್ದು, ಅದರ ಹೊರಮೈಯನ್ನು ಮೀಥೈಲ್ ಗುಂಪುಗಳು ಹೊದ್ದಿರುವುದೇ ಇದಕ್ಕೆ ಕಾರಣ. ನೀರಿಗೂ ಮೀಥೈಲಿಗೂ ಸ್ನೇಹವಿಲ್ಲ. ಇನ್ನೊಂದು ವಿಶೇಷವೆಂದರೆ, ರಬ್ಬರಿನೊಳಗಿನ ಎಣ್ಣೆಯಂತಹ ಗಿಡ್ಡ ಸರಪಳಿಗಳು ಮೇಲೆ ಕುಳಿತ ಧೂಳಿಗೂ ಹಬ್ಬಿ ಅದನ್ನೂ ಜಲವಿಮುಖವಾಗಿಸುತ್ತವೆ. ಪಿಂಗಾಣಿಗೆ ಈ ಭಾಗ್ಯವಿಲ್ಲ.

ಆದರೆ ಹನಿಗಳ ಅಂಚಿನಲ್ಲಿ ವಿದ್ಯುತ್ ಒತ್ತಡ ತೀವ್ರವಾಗಿ ಸಣ್ಣ ಕಿಡಿಗಳು ಮೂಡುತ್ತವೆ. ಅವು ಮೀಥೈಲ್ ಗುಂಪುಗಳನ್ನು ಕಿತ್ತೊಗೆಯುತ್ತವೆ. ಆ ಸ್ಥಾನಕ್ಕೆ ನೀರನ್ನು ಪ್ರೀತಿಸುವ ಹೈಡ್ರಾಕ್ಸಿಲ್ ಗುಂಪುಗಳು ಬರುತ್ತವೆ. ಮೇಲ್ಮೈ ಗಾಜನ್ನು ಹೋಲುವ ಸಿಲಿಕಾ ಪೊರೆಯಾಗುತ್ತದೆ, ಹನಿ ಚಪ್ಪಟೆಯಾಗಿ ಹರಡತೊಡಗುತ್ತದೆ. ಕಿಡಿ ನಿಂತು ಕೆಲವು ಗಂಟೆಗಳೋ ದಿನಗಳೋ ಬಿಡುವು ದೊರೆತರೆ, ಒಳಗಿನ ಗಿಡ್ಡ ಸರಪಳಿಗಳು ಮತ್ತೆ ಮೇಲೇರಿ ಕಳೆದ ಗುಣವನ್ನು ಮರಳಿಸುತ್ತವೆ. ಬಿಡುವಿಲ್ಲದೆ ಕಿಡಿಯೇಳುತ್ತಿದ್ದರೆ ಚೇತರಿಕೆ ಹಿಂದೆ ಬೀಳುತ್ತದೆ, ರಬ್ಬರು ಸವೆಯುತ್ತದೆ. ಆದುದರಿಂದಲೇ ತಜ್ಞರು ನೀರು ಸಿಂಪಡಿಸಿ, ಹನಿಯ ಆಕಾರವನ್ನು ನೋಡಿ ಇನ್ಸುಲೇಟರನ್ನು ಏಳು ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲ ದರ್ಜೆಯಲ್ಲಿ ದುಂಡು ಹನಿ, ಏಳನೆಯದರಲ್ಲಿ ಪೂರ್ಣ ಪೊರೆ.

ಕಂಬದ ಮೇಲೆ ಕೇಡೆನಿಸುವ ಈ ಕ್ರಿಯೆ ಕಣ್ಣಿಗೆ ಉಪಕಾರಿ. ಸಿಲಿಕೋನ್ ಬೆರೆತ ಕಾಂಟ್ಯಾಕ್ಟ್ ಲೆನ್ಸಿನ ಮೇಲೆ ಕಣ್ಣೀರು ಸಮನಾಗಿ ಹರಡದಿದ್ದರೆ ಕಣ್ಣು ಉರಿಯುತ್ತದೆ. ಆದಕಾರಣ ಕೆಲವು ಲೆನ್ಸುಗಳ ಮೇಲ್ಮೈಯನ್ನು ತಯಾರಿಕೆಯಲ್ಲಿಯೇ ವಿದ್ಯುತ್ ವಿಸರ್ಜನೆಗೆ ಒಡ್ಡಿ, ನೀರಿಗೆ ಒಗ್ಗುವಂತೆ ಮಾಡಲಾಗುತ್ತದೆ.